ಊತ

ಅವಳು ಕ್ಲಾಸಿಗೆ ಕಾಲಿಡುವ ಹೊತ್ತಿಗೆ ಮೇಜಿನ ಮೇಲೆ ಕಿಡ್ನಿ ಟ್ರೇ ಆಗಲೇ ಬಂದು ಕೂತಿತ್ತು. ವಾರ್ಡಿನಲ್ಲಿ ವಾಂತಿ ಹಿಡಿಯುವುದಕ್ಕೆ, ಕೊಳೆಯಾದ ಹತ್ತಿ ಹಾಕುವುದಕ್ಕೆ ಬಳಸುವ ಸ್ಟೀಲಿನ ಟ್ರೇ. ಇವತ್ತು ಅದರ ತುಂಬ ಉಂಗುರ, ಬಳೆ, ಗಡಿಯಾರ. ಯಾರೂ ಕೇಳಿರಲಿಲ್ಲ, ಹುಡುಗಿಯರು ತಾವಾಗಿಯೇ ಬಿಚ್ಚಿ ಹಾಕಿ ಕೈಕಟ್ಟಿ ಕೂತಿದ್ದರು. ಸುಟ್ಟಗಾಯದ ಪಾಠದ ದಿನ ಮೇಡಂ ಒಳಗೆ ಬಂದವರೇ ಟ್ರೇ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗುತ್ತಾರೆ, ಬೆರಳಲ್ಲಿ ಮಣಿಕಟ್ಟಿನಲ್ಲಿ ಏನಿದ್ದರೂ ಬಿಚ್ಚಿಸಿಕೊಂಡ ಮೇಲೆಯೇ ಬಾಯಿ ತೆರೆಯುತ್ತಾರೆ, ಉಂಗುರ ಬಿಗಿಯಾದವಳ ಕೈಗೆ ಸೋಪು ಕೊಟ್ಟು ಮೂಲೆಯ ಸಿಂಕಿಗೆ ಅಟ್ಟುತ್ತಾರೆ ಎಂಬುದು ಆ ನರ್ಸಿಂಗ್ ಶಾಲೆಯಲ್ಲಿ ಬ್ಯಾಚಿನಿಂದ ಬ್ಯಾಚಿಗೆ ಹರಿದುಬಂದ ಕಥೆ. ಬೆನ್ನ ಹಿಂದೆ ತನ್ನನ್ನು ಉಂಗುರ ಮೇಡಂ ಅನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಗದರಿದಂತೆ ಮಾಡಿದರೂ ಆ ಹೆಸರು ಒಳಗೊಳಗೇ ಇಷ್ಟವಾಗಿತ್ತು. ಇವತ್ತು ಟ್ರೇ ಕಂಡದ್ದೇ ಕೈಯಲ್ಲಿದ್ದ ಮಾರ್ಕರ್ ಜಾರಿ ನೆಲಕ್ಕೆ ಬಿತ್ತು. ಮುಂದಿನ ಬೆಂಚಿನವಳು ಎದ್ದು ಬಂದು ಎತ್ತಿಕೊಟ್ಟಳು. ಆ ಹುಡುಗಿಯ ಬೆರಳ ಬುಡದಲ್ಲಿ ಉಂಗುರವಿದ್ದ ಜಾಗ ಬಿಳಿಚಿಕೊಂಡು ಸ್ವಲ್ಪ ತಗ್ಗಾಗಿತ್ತು. ಅದನ್ನೇ ನೋಡುತ್ತ ಅವಳು ಥ್ಯಾಂಕ್ಸ್ ಹೇಳುವುದನ್ನೂ ಮರೆತಳು.

ಪಾಠ ಮಾತ್ರ ತನ್ನ ಪಾಡಿಗೆ ನಡೆಯಿತು. ವರ್ಷವರ್ಷವೂ ಹೇಳಿದ್ದನ್ನೇ ಹೇಳುವ ಬಾಯಿಗೆ ಮನಸ್ಸಿನ ಹಂಗಿಲ್ಲ. ಬೋರ್ಡಿನ ಮೇಲೆ ಒಂದರೊಳಗೊಂದು ಮೂರು ವೃತ್ತ ಬರೆದಳು. ಒಳಗಿನದು ಸತ್ತ ಚರ್ಮ, ಅದರ ಆಸೆ ಬಿಡಿ ಎಂದಳು. ಹೊರಗಿನದು ಬರೀ ಕೆಂಪಾಗಿದೆ, ಅದು ತಾನಾಗಿಯೇ ಮಾಯುತ್ತದೆ. ಇವೆರಡರ ಮಧ್ಯೆ ಇರುವುದು ಸತ್ತೂ ಇಲ್ಲ, ಪೂರ್ತಿ ಬದುಕಿಯೂ ಇಲ್ಲ. ಒಂದೆರಡು ದಿನದಲ್ಲಿ ಯಾವ ಕಡೆಗೆ ಬೇಕಾದರೂ ವಾಲಬಹುದು, ನೀವು ಉಳಿಸಬೇಕಾದ್ದು ಅದನ್ನು. ಬೆಂಕಿ ಆರಿತು, ಇನ್ನು ಸುಡುವುದು ನಿಂತಿತು ಅಂದುಕೊಳ್ಳಬೇಡಿ, ಅಸಲಿ ಕೆಲಸ ಶುರುವಾಗುವುದೇ ಆಮೇಲೆ. ಇದು ಅವಳಿಗೆ ಬಹಳ ಪ್ರಿಯವಾದ ಮಾತು, ಹೇಳಿದ ಮೇಲೆ ಒಂದು ಕ್ಷಣ ನಿಲ್ಲಿಸುವುದು ರೂಢಿ. ಈ ಸಲ ನಿಲ್ಲಿಸದೆ ಓಡಿದಳು. ಸುಟ್ಟ ಜೀವಕೋಶಗಳು ಒಡೆದು ಒಳಗಿನದನ್ನೆಲ್ಲ ಹೊರಗೆ ಚೆಲ್ಲುತ್ತವೆ. ಆ ಸುದ್ದಿ ಮುಟ್ಟಿದ ಕೂಡಲೇ ಚರ್ಮದಡಿ ಕಾವಲು ಕೂತ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಯುತ್ತವೆ. ರಕ್ತನಾಳ ಹಿಗ್ಗುತ್ತದೆ, ಅದರ ಗೋಡೆ ಸಡಿಲವಾಗುತ್ತದೆ, ರಕ್ತದ ನೀರು ಸೋರಿ ಮಾಂಸದೊಳಗೆ ತುಂಬಿಕೊಳ್ಳುತ್ತದೆ. ಪ್ರೋಸ್ಟಗ್ಲಾಂಡಿನ್ ಅನ್ನುವುದು ನೋವಿನ ನರಗಳಿಗೆ ಸಾಣೆ ಹಿಡಿಯುತ್ತದೆ. ಬಿಳಿ ರಕ್ತಕಣಗಳು ದಂಡು ಕಟ್ಟಿಕೊಂಡು ಬಂದು ಕ್ರಿಮಿಗಳನ್ನು ಕೊಲ್ಲಲೆಂದು ವಿಷ ಉಗುಳುತ್ತವೆ, ಪಕ್ಕದ ಅರೆಜೀವದ ಕೋಶವೂ ಅದಕ್ಕೆ ಬಲಿಯಾಗುತ್ತದೆ. ಮನೆಗೆ ಬೆಂಕಿ ಬಿತ್ತೆಂದು ಬೀದಿಯವರೆಲ್ಲ ಒಳಗೆ ನುಗ್ಗಿದರೆ, ಬೆಂಕಿ ಉಳಿಸಿದ ಪಾತ್ರೆಪಗಡೆ ಅವರ ಕಾಲ್ತುಳಿತಕ್ಕೆ ಹೋಗುವುದಿಲ್ಲವೇ, ಹಾಗೆ. ಹುಡುಗಿಯರು ನಕ್ಕರು. ಇಲ್ಲಿ ನಗಬೇಕೆಂಬುದೂ ಅವರಿಗೆ ಸೀನಿಯರ್‌ಗಳಿಂದ ಗೊತ್ತಾಗಿರಬೇಕು.

ಊತ ಎಂದು ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದಳು. ಗೆರೆ ಸೊಟ್ಟಗೆ ಹೋಯಿತು. ತಂಗಿಯಾಗಿದ್ದರೆ ನೆಟ್ಟಗೆ ಎಳೆಯುತ್ತಿದ್ದಳು. ತಂಗಿ ರಟ್ಟಿನ ಮೇಲೆ ಗೆರೆ ಹಾಕುವುದು ಸ್ಕೇಲಿಲ್ಲದೆ. ಎಡಗೈಯ ಉಂಗುರದ ಬೆರಳನ್ನು ರಟ್ಟಿನ ಅಂಚಿಗೆ ಒತ್ತಿ ಹಿಡಿದು, ಅದರ ಆಸರೆಯಲ್ಲೇ ಪೆನ್ಸಿಲು ಜಾರಿಸಿಕೊಂಡು ಹೋಗುತ್ತಾಳೆ. ತನ್ನ ಪುಸ್ತಕದ ಬೈಂಡಿಂಗ್ ಅಂಗಡಿಯ ಗೋಡೆಗೆ ಸ್ಕೇಲು ತೂಗುಹಾಕಿರುವುದು ಗಿರಾಕಿಗಳಿಗೆ ನಂಬಿಕೆ ಬರಲಿ ಅಂತ ಎಂದು ತಾನೇ ನಗುತ್ತಾಳೆ. ಕೈ ಸುಟ್ಟ ದಿನವೂ ಹಾಗೆಯೇ ಎಳೆಯುತ್ತಿದ್ದಳು. ರಟ್ಟು ಅಕ್ಕನಾದ ಅವಳ ಪಠ್ಯಪುಸ್ತಕದ್ದು, ಬೆನ್ನು ಮುರಿದು ಹಾಳೆಗಳು ಬಿಡಿಬಿಡಿಯಾಗಿದ್ದ ದಪ್ಪ ಪುಸ್ತಕ. ಇವತ್ತೇ ಬೇಕು, ಕೂತು ಮಾಡಿಸಿಕೊಂಡೇ ಹೋಗುತ್ತೇನೆ ಎಂದು ಅವಸರ ಮಾಡಿದ್ದು ಅಕ್ಕನೇ. ಇಲ್ಲದಿದ್ದರೆ ಅಂಗಡಿ ಮುಚ್ಚುವ ಹೊತ್ತಿನಲ್ಲಿ ಅಂಟು ಕಾಯಿಸುವ ಪ್ರಸಂಗವೇ ಇರಲಿಲ್ಲ. ಕುದಿಯುವ ನೀರಿನ ಪಾತ್ರೆ, ಅದರೊಳಗೆ ಅಂಟಿನ ಡಬ್ಬಿ. ತಂಗಿ ಮಾತಾಡುತ್ತ ತಿರುಗಿದಳು, ಸ್ಟೋವಿನ ಕಾಲು ಅಲುಗಿತು, ಬೀಳುತ್ತಿದ್ದ ಡಬ್ಬಿಯನ್ನು ಹಿಡಿಯಲು ಎಡಗೈ ಚಾಚಿದಳು. ಅಂಟು ನೀರಿನ ಹಾಗಲ್ಲ, ಬಿದ್ದು ಹರಿದು ಹೋಗುವುದಿಲ್ಲ, ಬಿದ್ದಲ್ಲೇ ಕೂತು ಸುಡುತ್ತದೆ.

ಅಕ್ಕನ ಕೈಗೆ ಎಲ್ಲ ಗೊತ್ತಿತ್ತು. ತಂಗಿಯನ್ನು ಒಳಗಿನ ನಲ್ಲಿಗೆ ಎಳೆದುಕೊಂಡು ಹೋದಳು. ತಂಗಿಯ ಗಂಡ ಐಸು ತರಲು ಓಡಿದರೆ ಐಸು ಬೇಡ ಎಂದು ಗದರಿದಳು. ಮೆತ್ತಿದ ಅಂಟನ್ನು ಉಗುರಿನಿಂದ ಕೀಳಲು ಬಿಡಲಿಲ್ಲ. ಸಾಕು ಸಾಕು ಎಂದು ತಂಗಿ ಅಳುತ್ತಿದ್ದರೂ ಸಾಕಾಗುವಷ್ಟು ಹೊತ್ತು ಆ ಕೈಯನ್ನು ನೀರಿನಡಿ ಹಿಡಿದಳು. ಒಗೆದ ಬಿಳಿ ಬಟ್ಟೆ ಹುಡುಕಿ ಸಡಿಲವಾಗಿ ಸುತ್ತಿದಳು. ಎಲ್ಲವೂ ಪಾಠದಲ್ಲಿದ್ದ ಹಾಗೆ, ಪಾಠದ ಮೊದಲನೇ ಸಾಲೊಂದನ್ನು ಬಿಟ್ಟು. ನಲ್ಲಿಯ ಕೆಳಗೆ ಆ ಕೈ ಬಂದಾಗ ಅವಳಿಗೆ ಮೊಟ್ಟಮೊದಲು ಕಂಡದ್ದು ಉಂಗುರವೇ. ಅಮ್ಮನ ಉಂಗುರ, ಸವೆದು ತೆಳ್ಳಗಾದ ಚಿನ್ನ, ಸಣ್ಣ ಹಸಿರು ಕಲ್ಲು. ಅಂಟು ಕವಿದು ಕಲ್ಲು ಮುಚ್ಚಿಹೋಗಿತ್ತು. ಅಯ್ಯೋ, ಅಮ್ಮನ ಉಂಗುರ ಹಾಳಾಯಿತಲ್ಲ ಅಂದುಕೊಂಡಳು. ಬೆರಳು ಅಂದುಕೊಳ್ಳುವ ಮೊದಲು ಉಂಗುರ ಅಂದುಕೊಂಡಳು. ಹಾಗೆ ಅಂದುಕೊಂಡೆನೆಂದು ತನಗೇ ಹೊಳೆದದ್ದೂ ಅದೇ ಕ್ಷಣ. ಅಲ್ಲಿಂದ ಮುಂದೆ, ಉಂಗುರ ತೆಗಿ ಎಂಬ ಎರಡು ಮಾತು ಗಂಟಲಲ್ಲೇ ಉಳಿಯಿತು. ನೋವಿಗೆ ತಂಗಿ ಮುಷ್ಟಿ ಕಟ್ಟಿದ್ದಳು. ಬೆರಳು ಬಿಡಿಸು, ನೀರು ಒಳಗೆ ಹೋಗಲಿ ಎಂದಷ್ಟೇ ಹೇಳಿ, ಅವಳು ತಲೆಯೆತ್ತಿ ನಲ್ಲಿಯನ್ನು ನೋಡುತ್ತ ನಿಂತಳು.

ಮೇಡಂ, ಎಂದು ಯಾರೋ ಕರೆದರು. ಮಾರ್ಕರ್ ಎತ್ತಿಕೊಟ್ಟಿದ್ದ ಹುಡುಗಿ ಎದ್ದು ನಿಂತಿದ್ದಳು.

"ಮೇಡಂ, ಎಲ್ಲ ಹೇಳಿದ್ರಿ. ಉಂಗುರ ಯಾಕೆ ಮೊದಲು ತೆಗೀಬೇಕು ಅಂತ ಇನ್ನೂ ಹೇಳಲೇ ಇಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡದ್ದು ಅವಳಿಗೇ ಆಮೇಲೆ ಗೊತ್ತಾಯಿತು. ಹುಡುಗಿಯ ಮುಖದಲ್ಲಿ ಕೊಂಕೇನೂ ಇರಲಿಲ್ಲ. ಮೇಡಂನ ತಂಗಿ ಇದೇ ಕಾಂಪೌಂಡಿನ ಸುಟ್ಟಗಾಯದ ವಾರ್ಡಿನಲ್ಲಿ ಮಲಗಿದ್ದಾಳೆಂದು ಇಡೀ ಶಾಲೆಗೆ ಗೊತ್ತು, ಬೆರಳಿನ ವಿಷಯ ಎಷ್ಟರಮಟ್ಟಿಗೆ ಗೊತ್ತೋ ತಿಳಿಯದು. ಊದಿಕೊಂಡ ಬೆರಳಿಗೆ ಜಾಗ ಬೇಕು, ಚಿನ್ನ ಹಿಗ್ಗುವುದಿಲ್ಲ, ಮೊದಲು ವಾಪಸ್ ಹೋಗುವ ರಕ್ತ ನಿಲ್ಲುತ್ತದೆ, ಆಮೇಲೆ ಬರುವ ರಕ್ತವೂ ನಿಲ್ಲುತ್ತದೆ. ಇಷ್ಟೇ ಉತ್ತರ, ಚಿಕ್ಕ ಮಕ್ಕಳಿಗೂ ಅರ್ಥವಾಗುವಂಥದು. ಅವಳು, ಪುಸ್ತಕದಲ್ಲಿದೆ ಓದಿಕೊಳ್ಳಿ, ಉಳಿದದ್ದು ನಾಳೆ ಎಂದಳು. ಟ್ರೇಯಲ್ಲಿರುವುದನ್ನು ನೋಡಿ ತೆಗೆದುಕೊಳ್ಳಿ, ಒಬ್ಬರದು ಒಬ್ಬರಿಗೆ ಹೋಗಬಾರದು ಎಂದೂ ಹೇಳಿದಳು. ಗಂಟೆ ಹೊಡೆಯುವ ಮೊದಲೇ ಆಚೆ ಬಂದಳು. ಬಾಗಿಲ ಹಿಂದೆ ಹುಡುಗಿಯರು ಟ್ರೇಗೆ ಮುತ್ತಿಕೊಂಡು ಇದು ನಂದು, ಅದು ನಂದು ಎಂದು ಗಲಾಟೆ ಮಾಡುವುದು ಮೆಟ್ಟಿಲಿನವರೆಗೂ ಕೇಳಿಸುತ್ತಿತ್ತು.

ಇದು ನಂದು ಅನ್ನಲು ಅವಳಿಗೆ ಆ ದಿನ ಬಾಯಿಯೇ ಇರಲಿಲ್ಲ. ಅಮ್ಮ ಹೋದ ಮೇಲೆ ಅವಳ ಪೆಟ್ಟಿಗೆ ತೆರೆದ ದಿನ. ಉಂಗುರ ಚಿಕ್ಕವಳಿಗೆ ಎಂದು ಅಮ್ಮ ಹೇಳಿಹೋಗಿದ್ದಳು, ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಹಾಸಿಗೆ ಹಿಡಿದ ಅಮ್ಮನ ಮೈ ಒರೆಸಿದವಳು, ಮಗ್ಗುಲು ಬದಲಿಸಿದವಳು ತಂಗಿ. ನರ್ಸುಗಳಿಗೆ ಪಾಠ ಹೇಳುವ ದೊಡ್ಡ ಮಗಳು ರಜೆಯ ದಿನ ಬಂದು ಹಾಸಿಗೆ ಹುಣ್ಣಾಗದಂತೆ ಏನೇನು ಮಾಡಬೇಕೆಂದು ಹೇಳಿ ಹೋಗುತ್ತಿದ್ದಳು. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುವ ಮಾತು ಅವಳ ಬೆನ್ನಿಗೆ ಬಿದ್ದದ್ದು ಆಗಲೇ. ಆದರೂ ಪೆಟ್ಟಿಗೆಯಲ್ಲಿ ಉಂಗುರ ಕಂಡಾಗ, ಸುಮ್ಮನೆ, ಅಮ್ಮನ ಬೆರಳು ನೆನಪಾಗಿ, ತೆಗೆದು ಹಾಕಿಕೊಂಡಳು. ಚಿಕ್ಕಮ್ಮ ನೋಡಿಬಿಟ್ಟಳು. ದೊಡ್ಡವಳ ಕಣ್ಣು ಉಂಗುರದ ಮೇಲೇ ನೆಟ್ಟಿದೆ ನೋಡಿ ಎಂದು ನಕ್ಕಳು, ಕೂತಿದ್ದವರೆಲ್ಲ ನಕ್ಕರು. ಅವಳೂ ನಗುತ್ತಲೇ ತೆಗೆಯಲು ಹೋದಳು. ಬರಲಿಲ್ಲ. ತಿರುಗಿಸಿದಳು, ಎಳೆದಳು, ಗೆಣ್ಣಿನ ಚರ್ಮ ಸುಕ್ಕುಗಟ್ಟಿ ಕೆಂಪಾಯಿತೇ ಹೊರತು ಉಂಗುರ ಜಗ್ಗಲಿಲ್ಲ. ಕೈಗೆ ಬಂದದ್ದು ಬಿಡೋಕೆ ಬೆರಳಿಗೂ ಮನಸ್ಸಿಲ್ಲ ಎಂದಳು ಚಿಕ್ಕಮ್ಮ. ಕೊನೆಗೆ ಎಲ್ಲರ ಮುಂದೆ ಸಿಂಕಿಗೆ ಹೋಗಿ ಸೋಪು ಹಚ್ಚಿಕೊಂಡು ತಿಕ್ಕುತ್ತ ನಿಂತಳು. ಆಗ ತಂಗಿ ಹತ್ತಿರ ಬಂದು, ಅಕ್ಕ, ನಿನಗೆ ಬೇಕಿದ್ರೆ ನೀನೇ ಇಟ್ಕೋ ಎಂದಳು. ಮೆಲ್ಲಗೇ ಹೇಳಿದಳು, ಪ್ರೀತಿಯಿಂದಲೇ ಹೇಳಿದಳು, ಆದರೆ ಎಲ್ಲರಿಗೂ ಕೇಳಿಸಿತು. ನನಗ್ಯಾಕೆ, ವಾರ್ಡಿನಲ್ಲಿ ಉಂಗುರ ಹಾಕೋ ಹಾಗೇ ಇಲ್ಲ ಎಂದು ಅವಳು ಸೋಪಿನ ಕೈಯಲ್ಲೇ ಉಂಗುರ ಕಿತ್ತು ಕೊಟ್ಟಳು. ಅವತ್ತಿನಿಂದ ತಂಗಿಯ ಕೈಯನ್ನು ನೇರವಾಗಿ ನೋಡುವುದನ್ನು ಬಿಟ್ಟಳು. ಬೇಕಿತ್ತು ಅವಳಿಗೆ, ಬಹಳ ಬೇಕಿತ್ತು, ಅದೇ ನಿಜ. ಮೆಟ್ಟಿಲಿಳಿಯುತ್ತ ಇದ್ದಕ್ಕಿದ್ದ ಹಾಗೆ ನಿಂತಳು. ಕ್ಲಾಸಿನಲ್ಲಿ ಟ್ರೇ ಹಿಡಿಯುವ ಪದ್ಧತಿ ಶುರುವಾದದ್ದು ಅದರ ಮುಂದಿನ ವರ್ಷ. ಸೋಪು ಕೊಟ್ಟು ಹುಡುಗಿಯರನ್ನು ಎಲ್ಲರೆದುರು ಸಿಂಕಿಗೆ ಅಟ್ಟುವುದು ಕೂಡ. ಇಷ್ಟು ವರ್ಷ ಅದನ್ನು ಪಾಠವೆಂದೇ ನಂಬಿದ್ದಳು.

ವಾರ್ಡಿಗೆ ಹೋಗುವ ಓಣಿಯ ತಿರುವಿನಲ್ಲಿ ಗುಬ್ಬಿ ನಿಂತಿದ್ದಳು. ಅವಳ ಕೈಕೆಳಗೆ ಓದುವಾಗ ಕ್ಲಾಸಿನಲ್ಲೇ ಚಿಕ್ಕ ಗಾತ್ರದವಳಾದ್ದರಿಂದ ಬಿದ್ದ ಹೆಸರು, ಈಗ ಕ್ಯಾಶುವಾಲ್ಟಿಯಲ್ಲಿ ನರ್ಸಾದರೂ ಬಿಟ್ಟಿಲ್ಲ. ಊಟದ ಬಿಡುವಿನಲ್ಲಿ ಬಂದಿದ್ದೇನೆ, ಇವತ್ತು ಡ್ರೆಸ್ಸಿಂಗ್ ಬಿಚ್ಚುತ್ತಾರಂತಲ್ಲ, ನಾನೂ ನಿಲ್ಲಬಹುದಾ ಎಂದು ಕೇಳಿದಳು. ಕಣ್ಣು ಊದಿಕೊಂಡಿತ್ತು. ಬೇಡ ಅನ್ನಲು ಅವಳಿಗೆ ಯಾವ ಮುಖವಿತ್ತು. ಆ ಸಂಜೆ ಬಟ್ಟೆ ಸುತ್ತಿದ ಕೈ ಹಿಡಿದು ಅಕ್ಕತಂಗಿ ಕ್ಯಾಶುವಾಲ್ಟಿಗೆ ಬಂದಾಗ ಬಾಗಿಲಲ್ಲಿ ಸಿಕ್ಕಿದ್ದು ಈ ಗುಬ್ಬಿಯೇ. ಅದೇ ಹೊತ್ತಿಗೆ ಯಾವುದೋ ಬಸ್ಸು ಮಗುಚಿ ಗಾಯಾಳುಗಳು ಸಾಲುಸಾಲಾಗಿ ಬರುತ್ತಿದ್ದರು, ನೆಲದ ಮೇಲೂ ಹಾಸಿಗೆ ಬಿದ್ದಿತ್ತು. ಗುಬ್ಬಿ ಬಟ್ಟೆ ಬಿಚ್ಚಿ ನೋಡಲು ಕೈಹಾಕಿದಳು. ಬಿಚ್ಚಬೇಡ, ನಾನೇ ಎಲ್ಲ ನೋಡಿ ಕಟ್ಟಿದ್ದೇನೆ, ಡಾಕ್ಟರ್ ಬಂದ ಮೇಲೆ ಬಿಚ್ಚಿದರಾಯಿತು ಎಂದವಳು ಅವಳು. ಯಾಕೆ ಹಾಗೆ ಅಂದಳು? ಬಿಚ್ಚಿದರೆ ಒಳಗೆ ಉಂಗುರ ಕಾಣುತ್ತದೆ, ಉಂಗುರ ಕಂಡರೆ ಗುಬ್ಬಿ, ಮೇಡಂ, ಇದನ್ನ ಯಾಕೆ ತೆಗೆಸಲಿಲ್ಲ ಅನ್ನುತ್ತಾಳೆ. ಶಿಷ್ಯೆಯ ಮುಂದೆ ಸಣ್ಣವಳಾಗುವುದನ್ನು ಇನ್ನಷ್ಟು ಹೊತ್ತು ಮುಂದೂಡಿದಳು, ಅಷ್ಟೇ. ಗುಬ್ಬಿ ಕೈ ಹಿಂದೆಗೆದು, ಸರಿ ಮೇಡಂ, ನೀವೇ ಇದ್ದೀರಲ್ಲ ಎಂದು ರಕ್ತ ಸುರಿಯುತ್ತಿದ್ದವರ ಕಡೆಗೆ ಓಡಿದಳು. ಬೇರೆ ಯಾರ ಮನೆಯ ಹೆಂಗಸಾಗಿದ್ದರೂ ಅವಳು ಬಟ್ಟೆ ಬಿಚ್ಚದೆ ಬಿಡುತ್ತಿರಲಿಲ್ಲ. ಡಾಕ್ಟರು ಬರುವಷ್ಟರಲ್ಲಿ ಬೆರಳು ಉಂಗುರದ ಎರಡೂ ಕಡೆ ಉಬ್ಬಿ, ಚಿನ್ನ ಮಾಂಸದಲ್ಲಿ ಹೂತು, ತುದಿ ನೀಲಿಗಟ್ಟಿತ್ತು. ಕಟ್ಟರಿನಿಂದ ಉಂಗುರ ಕತ್ತರಿಸಿದರು. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ತುಂಡಿನಲ್ಲಿ ಸುತ್ತಿ, ಮನೆಯವರು ಯಾರು ಎಂದು ಕೇಳಿದಾಗ ಕೈಯೊಡ್ಡಿದವಳು ಅವಳು. ಆ ಪೊಟ್ಟಣ ಅಂದಿನಿಂದ ಅವಳ ಕೈಚೀಲದಲ್ಲಿದೆ. ಕೊಡಬೇಕು ಕೊಡಬೇಕು ಅಂದುಕೊಳ್ಳುತ್ತಲೇ ಇದ್ದಾಳೆ.

ವಾರ್ಡಿನಲ್ಲಿ ತಂಗಿಯ ಗಂಡ ಫ್ಲಾಸ್ಕು ಹಿಡಿದು ಹೊರಟಿದ್ದ. ಅವಳನ್ನು ಕಂಡು ಪಕ್ಕದ ಹಾಸಿಗೆಯವರಿಗೆ, ಇವರೇ ನೋಡಿ ನಮ್ಮ ಅಕ್ಕ, ಅವತ್ತು ಇವರಿಲ್ಲದಿದ್ದರೆ ಕೈಗೆ ಕೈಯೇ ಹೋಗುತ್ತಿತ್ತು ಎಂದು ಪರಿಚಯಿಸಿದ. ದಿನವೂ ಒಬ್ಬರಿಗಲ್ಲ ಒಬ್ಬರಿಗೆ ಹೀಗೆ ಹೇಳುತ್ತಾನೆ, ಹೇಳಿದಾಗಲೆಲ್ಲ ಅವಳಿಗೆ ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ಪಕ್ಕದ ಹಾಸಿಗೆಯ ಮುದುಕಿ ಕೈಮುಗಿದಳು. ಅವಳು ಮಂಚದ ಕೆಳಗೆ ಏನೋ ಬಿದ್ದ ಹಾಗೆ ಬಗ್ಗಿ ನೋಡಿದಳು. ತಂಗಿ ದಿಂಬಿಗೆ ಒರಗಿ ಕೂತಿದ್ದಳು, ಕಟ್ಟುಹಾಕಿದ ಎಡಗೈ ಎದೆಯ ಮಟ್ಟಕ್ಕೆ ಎತ್ತಿಟ್ಟುಕೊಂಡು. ಮುಖ ಶಾಂತವಾಗಿತ್ತು. ಅವಳಿಗೆ ಅದೂ ಹೆದರಿಕೆಯೇ. ಅಳುವವರನ್ನು ಸಮಾಧಾನ ಮಾಡುವುದು ಅವಳ ವೃತ್ತಿ, ಅಳದವರ ಮುಂದೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ.

ಸರ್ಜನ್ ಬಂದವನೇ ಕೆಲಸಕ್ಕೆ ಕೂತ. ಮೇಡಂ, ನೀವು ಕೈ ಹಿಡಿದುಕೊಳ್ಳಿ, ನಿಮಗಿಂತ ಚೆನ್ನಾಗಿ ಯಾರು ಹಿಡಿಯುತ್ತಾರೆ ಎಂದ. ಅವಳು ತಂಗಿಯ ಮಣಿಕಟ್ಟು ಹಿಡಿದಳು. ಸುತ್ತು ಸುತ್ತಾಗಿ ಬ್ಯಾಂಡೇಜು ಕಳಚಿತು. ಮೊದಲು ಹೆಬ್ಬೆರಳು ಕಂಡಿತು, ಆಮೇಲೆ ತೋರುಬೆರಳು, ನಡುಬೆರಳು, ತೆಳ್ಳಗೆ ಗುಲಾಬಿಯಾಗಿ ಹೊಸ ಚರ್ಮ ಬಂದಿತ್ತು. ಕಿರುಬೆರಳಿನ ಬುಡದಲ್ಲಿ ಮಾತ್ರ ಸ್ವಲ್ಪ ಹಸಿ. ಎಲ್ಲವೂ ಅವಳು ನೀರಿನಡಿ ಹಿಡಿದು ಉಳಿಸಿದ ಬೆರಳುಗಳು, ಅದಕ್ಕಾಗಿ ಒಂದು ಕ್ಷಣ ಹೆಮ್ಮೆಯೂ ಆಯಿತು, ಆ ಹೆಮ್ಮೆಗೆ ನಾಚಿಕೆಯೂ ಆಯಿತು. ಉಂಗುರದ ಬೆರಳು ನಡುಗೆಣ್ಣಿನಿಂದ ಆಚೆಗೆ ಕಪ್ಪಗೆ ಒಣಗಿ, ಮುರುಟಿಕೊಂಡು, ಬೇರೆ ಯಾರದ್ದೋ ಬೆರಳಿನ ಹಾಗೆ ಅಲ್ಲಿತ್ತು. ಕಪ್ಪು ಮುಗಿದು ಕೆಂಪು ಶುರುವಾಗುವಲ್ಲಿ ತೆಳುವಾದ ಗೆರೆ, ಎಷ್ಟು ನೆಟ್ಟಗಿತ್ತೆಂದರೆ ತಂಗಿಯೇ ಎಳೆದಂತಿತ್ತು. ಬೋರ್ಡಿನ ಮೇಲೆ ಬರೆದ ಮೂರು ವೃತ್ತಗಳಲ್ಲಿ ನಡುವಿನದು ಇಲ್ಲಿ ಉಳಿದಿರಲಿಲ್ಲ, ಅದು ಯಾವ ಕಡೆ ವಾಲಬೇಕೋ ಆ ಕಡೆ ವಾಲಿಯಾಗಿತ್ತು.

ಸರ್ಜನ್ ಆ ಬೆರಳನ್ನು ಸೂಜಿಯಿಂದ ಅಲ್ಲಿ ಇಲ್ಲಿ ಚುಚ್ಚಿ ತಂಗಿಯ ಮುಖ ನೋಡಿದ. ತಂಗಿ ಇಲ್ಲ ಎಂದು ತಲೆಯಾಡಿಸಿದಳು. ನಡುಗೆಣ್ಣಿನವರೆಗೆ ತೆಗೆಯಬೇಕು, ನಾಳೆಯೇ ಮುಗಿಸೋಣ ಎಂದು ತಂಗಿಗೆ ನೇರವಾಗಿಯೇ ಹೇಳಿದ. ಆಮೇಲೆ ಅವಳ ಕಡೆ ತಿರುಗಿ, ಗಾಯ ಅಷ್ಟೇನೂ ಆಳವಿರಲಿಲ್ಲ ಮೇಡಂ, ಪಕ್ಕದ ಬೆರಳು ನೋಡಿ ಹೇಗೆ ಮಾಯ್ದಿದೆ, ಇದನ್ನು ಕೊಂದದ್ದು ಬೆಂಕಿಯಲ್ಲ, ಉಂಗುರ ಎಂದ. ಹೇಳುತ್ತ ಹೇಳುತ್ತಲೇ ಪರದೆಯ ಹತ್ತಿರ ನಿಂತಿದ್ದ ಗುಬ್ಬಿ ಅವನ ಕಣ್ಣಿಗೆ ಬಿದ್ದಳು.

"ನೀನೇ ಅಲ್ವಾ ಅವತ್ತು ಕ್ಯಾಶುವಾಲ್ಟಿಲಿ ಇದ್ದದ್ದು? ಸುಟ್ಟ ಕೈ ಬಂದ್ರೆ ಮೊದಲು ಉಂಗುರ ತೆಗೀಬೇಕು ಅಂತ ಇವರು ನಿನಗೆ ಹೇಳಿಕೊಡಲಿಲ್ವಾ?"

ಗುಬ್ಬಿ ಒಮ್ಮೆ ಅವಳ ಮುಖ ನೋಡಿ ತಲೆ ತಗ್ಗಿಸಿದಳು.

"ಹೇಳಿಕೊಟ್ಟಿದ್ರು ಸರ್. ನಾನೇ ನೋಡಬೇಕಿತ್ತು. ತಪ್ಪಾಯ್ತು."

ಅಲ್ಲೊಂದು ಸಣ್ಣ ಸಂದು ಇತ್ತು, ಒಂದು ಮಾತು ಹಿಡಿಸುವಷ್ಟು. ಅವಳು ಹೇಳಬಹುದಾಗಿತ್ತು, ಬಿಚ್ಚಬೇಡ ಅಂದದ್ದು ನಾನು ಅಂತ. ತಂಗಿಯ ಮಣಿಕಟ್ಟಿನಲ್ಲಿ ನಾಡಿ ಅವಳ ಬೆರಳಿಗೆ ಬಡಿಯುತ್ತಿತ್ತು. ಸರ್ಜನ್ ಕೈಗವಸು ಕಳಚಿ ಬುಟ್ಟಿಗೆ ಹಾಕಿದ, ಮೇಲಿನವರಿಗೆ ಹೇಳಿದ್ದೇನೆ, ಉತ್ತರ ಕೊಡಬೇಕಾಗುತ್ತೆ ಎಂದು ಗುಬ್ಬಿಗೆ ಅಂದು ಹೊರಟುಹೋದ. ಗುಬ್ಬಿ ಹೊಸ ಬ್ಯಾಂಡೇಜು ಸುತ್ತಲು ಬಂದಳು. ಚೆನ್ನಾಗಿ ಸುತ್ತಿದಳು, ಒಂದು ಸುತ್ತು ಇನ್ನೊಂದರ ಮೇಲೆ ಅರ್ಧಕ್ಕೆ ಕೂರುವಂತೆ, ಬೆರಳ ತುದಿಗಳು ಕಾಣುವಂತೆ, ಮೇಡಂ ಕಲಿಸಿದ ಹಾಗೆ. ಮುಗಿಸಿ, ಬರ್ತೀನಿ ಮೇಡಂ ಎಂದಳು. ಅವಳು ಹೂಂ ಎಂದಳು. ಬೆಂಕಿ ಬಿದ್ದಾಗ ಬಾವಿ ತೋಡಿದವರನ್ನಾದರೂ ಮೆಚ್ಚಬೇಕು, ತಾನು ಗುದ್ದಲಿಯನ್ನೂ ಎತ್ತಲಿಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡರೆ ಹಗುರವಾಗುತ್ತದೆ ಎಂಬ ಲೆಕ್ಕಾಚಾರ ಅದರಲ್ಲೂ ಇತ್ತು, ಅದೂ ಅವಳಿಗೆ ಗೊತ್ತಿತ್ತು.

ಇಬ್ಬರೇ ಉಳಿದರು. ಪರದೆ ಇನ್ನೂ ಎಳೆದೇ ಇತ್ತು. ತಂಗಿ ಬಲಗೈಯಿಂದ ಹೊದಿಕೆಯ ಅಂಚನ್ನು ಮಡಿಸಿ ಉಗುರಿನಿಂದ ಗೀರಿ ಮಡಿಕೆ ಕೂರಿಸುತ್ತಿದ್ದಳು, ಕಾಗದ ಮಡಿಸುವವರ ಅಭ್ಯಾಸ. ಇನ್ನು ಗೆರೆ ಹಾಕೋಕೆ ಸ್ಕೇಲು ಇಳಿಸಬೇಕು ಗೋಡೆಯಿಂದ ಎಂದು ನಕ್ಕಳು. ಆಮೇಲೆ ಅಕ್ಕನ ಕಡೆ ನೋಡದೆಯೇ ಮಾತು ತೆಗೆದಳು.

"ಪಾಪ, ಆ ಹುಡುಗೀನ ಯಾಕೆ ಬೈಬೇಕು. ತಪ್ಪು ನಂದು ಅಕ್ಕ. ನಲ್ಲಿ ಹತ್ರ ನೀನು ಉಂಗುರ ನೋಡಿದೆಯಲ್ಲ, ತೆಗಿ ಅನ್ನೋಕೆ ಬಂದೆ. ನಾನೇ ಮುಷ್ಟಿ ಕಟ್ಟಿಬಿಟ್ಟೆ. ನೀನಾದ್ರೂ ಏನು ಮಾಡ್ತೀಯ."

ಅವಳಿಗೆ ಮೊದಲು ಕೇಳಿಸಿದ್ದು ಮಾತಲ್ಲ, ಎದೆಯೊಳಗೆ ಏನೋ ಸಡಿಲವಾದದ್ದು. ಇಷ್ಟು ದಿನದಿಂದ ಬಿಗಿದದ್ದು ಒಮ್ಮೆಲೇ ಬಿಟ್ಟಂತಾಗಿ ಕಣ್ಣು ತುಂಬಿತು. ತಲೆಯಾಡಿಸಿದರೆ ಸಾಕು. ಮಾತೂ ಬೇಡ. ತಾನು ಹೇಳಲು ಹೋದೆ, ತಂಗಿ ಕೈ ಮುಚ್ಚಿದಳು, ಆಮೇಲೆ ಗಡಿಬಿಡಿಯಲ್ಲಿ ಮರೆತುಹೋಯಿತು. ಕಥೆ ಎಷ್ಟು ಸಲೀಸಾಗಿ ಕೂಡಿಕೊಳ್ಳುತ್ತದೆ, ಬೆನ್ನು ಮುರಿದ ಪುಸ್ತಕಕ್ಕೆ ಅಂಟು ಹಚ್ಚಿದ ಹಾಗೆ. ಗುಬ್ಬಿ ತಪ್ಪೊಪ್ಪಿಕೊಂಡಳು, ತಂಗಿಯೂ ತಪ್ಪೊಪ್ಪಿಕೊಂಡಳು, ಬೆರಳು ಕಳೆದುಕೊಳ್ಳುವವಳೇ ಕ್ಷಮೆ ಕೇಳುತ್ತಿದ್ದಾಳೆ. ಇನ್ನು ಉಳಿದವಳು ತಾನೊಬ್ಬಳೇ. ನಲ್ಲಿಯಿಂದ ನೀರು ಬೀಳುವ ಸದ್ದು ಎಲ್ಲಿಂದಲೋ ಬರುತ್ತಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಕೈ ತೊಳೆಯುತ್ತಿರಬೇಕು. ಆ ಸದ್ದು ನಿಂತಿತು.

"ಹೇಳೋಕೆ ಬರಲಿಲ್ಲ ಕಣೇ ನಾನು," ಎಂದಳು. "ನಾನು ಬೆರಳು ನೋಡಲಿಲ್ಲ. ಉಂಗುರ ಹಾಳಾಯ್ತಲ್ಲ ಅಂದ್ಕೊಂಡೆ. ಅದೇ ಮೊದಲು ಬಂದದ್ದು ಮನಸ್ಸಿಗೆ. ಆಮೇಲೆ ತೆಗಿ ಅನ್ನೋಕೆ ನಾಚಿಕೆ ಆಯ್ತು. ಕ್ಯಾಶುವಾಲ್ಟಿಲಿ ಆ ಹುಡುಗಿ ಬಿಚ್ಚೋಕೆ ಬಂದಳು, ಬೇಡ ಅಂದದ್ದೂ ನಾನೇ."

ತಂಗಿಯ ಬೆರಳು ಹೊದಿಕೆಯ ಮಡಿಕೆಯ ಮೇಲೆ ನಿಂತಿತು.

"ಗೊತ್ತು," ಎಂದಳು.

ಪರದೆಯ ಆಚೆ ಮುದುಕಿ ಕೆಮ್ಮಿದಳು. ತಂಗಿ ಈಗ ತಲೆಯೆತ್ತಿ ಅವಳನ್ನು ನೋಡಿದಳು.

"ನಿನ್ನ ಕಣ್ಣು ಎಲ್ಲಿತ್ತು ಅಂತ ನನಗೆ ಗೊತ್ತಾಗಲ್ವಾ ಅಕ್ಕ. ಗೊತ್ತಿದ್ದಕ್ಕೇ ಮುಷ್ಟಿ ಕಟ್ಟಿದ್ದು. ಅಂಟು ಹಾಗೇ ಸುಡ್ತಾ ಇದೆ, ನಾನು ಕೈ ಮುಚ್ಚಿ ಹಿಡ್ಕೊಂಡೆ. ನೀನೆಲ್ಲಿ ಬಿಚ್ಚಿಸಿಕೊಂಡುಬಿಡ್ತೀಯೋ ಅಂತ. ಎಂಥ ಅಕ್ಕತಂಗೀರು ನೋಡು ನಾವು."

ತಂಗಿ ಅಳಲಿಲ್ಲ. ಅಮ್ಮನ ಹಾಗೆ ತುಟಿಯನ್ನು ಒಳಗೆಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಅವಳಿಗೆ ತಂಗಿಯನ್ನು ತಬ್ಬಿಕೊಳ್ಳಬೇಕೆನಿಸಿತು, ಕಟ್ಟಿದ ಕೈ ಮಧ್ಯೆ ಇತ್ತು. ಹೇಳಿಬಿಟ್ಟರೆ ಹಗುರವಾಗುತ್ತದೆ ಅಂದುಕೊಂಡಿದ್ದಳು, ಹಾಗೇನೂ ಆಗಲಿಲ್ಲ. ಬೆಂಕಿ ಆರಿದ ಮೇಲೆಯೇ ಅಸಲಿ ಕೆಲಸ ಎಂದು ಬೆಳಿಗ್ಗೆ ತಾನೇ ಹೇಳಿದ ಮಾತು ಬೇರೆ ಯಾರೋ ಹೇಳಿದಂತೆ ಕೇಳಿಸಿತು.

ಉಂಗುರ ಎಲ್ಲಿ ಎಂದು ತಂಗಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು. ನನ್ನ ಹತ್ತಿರವೇ ಇದೆ ಎಂದಳು ಅವಳು. ಕೈಚೀಲದ ಒಳಜೇಬಿನಿಂದ ಪೊಟ್ಟಣ ತೆಗೆದು ಹೊದಿಕೆಯ ಮೇಲಿಟ್ಟು ಬಿಚ್ಚಿದಳು. ಗಾಜ್ ಬಟ್ಟೆಗೆ ಅಂಟಿನ ಕಂದು ಕಲೆಯಾಗಿತ್ತು. ಹಸಿರು ಕಲ್ಲು ಹಾಗೆಯೇ ಇತ್ತು. ಹಿಂಭಾಗದಲ್ಲಿ, ಅಮ್ಮನ ಕೈಯಲ್ಲಿ ಸವೆದು ಸವೆದು ತೆಳ್ಳಗಾದ ಜಾಗದಲ್ಲೇ ಕತ್ತರಿಸಿದ್ದರು. ಎರಡು ತುದಿಗಳು ಬಾಯಿ ಬಿಟ್ಟುಕೊಂಡು ನಿಂತಿದ್ದವು. ತಂಗಿ ಅದನ್ನು ಮುಟ್ಟಲಿಲ್ಲ, ನೋಡಿದಳಷ್ಟೆ.

ಅವಳು ಎದ್ದು ನಿಂತಳು. ಸರ್ಜನ್ ಇನ್ನೂ ಆಸ್ಪತ್ರೆಯಲ್ಲೇ ಇರುತ್ತಾನೆ, ಗುಬ್ಬಿಯನ್ನೂ ಕರೆದುಕೊಂಡು ಹೋಗಿ ಅವಳೆದುರೇ ಹೇಳಿ ಬರುತ್ತೇನೆ ಎಂದಳು. ಈಗ ಹೋಗದಿದ್ದರೆ ಇನ್ನು ಯಾವತ್ತೂ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಹೋಗುವಿಯಂತೆ," ಎಂದಳು ತಂಗಿ. ಬಲಗೈಯಿಂದ ಗಾಜ್ ಬಟ್ಟೆಯನ್ನು ಅವಳ ಕಡೆಗೆ ಸರಿಸಿದಳು. "ಮೊದಲು ಹಾಕ್ಕೊಂಡು ನೋಡು. ಈಗ ಬಿಗಿ ಆಗಲ್ಲ."

ತಂಗಿಯ ಮುಖದಲ್ಲಿ ಸಿಟ್ಟಿತ್ತೋ ತಮಾಷೆಯಿತ್ತೋ ಅವಳಿಗೆ ತಿಳಿಯಲಿಲ್ಲ, ಎರಡೂ ಇದ್ದಿರಬೇಕು. ಬೇಡ ಅನ್ನುವ ಹಕ್ಕು ತನಗೆ ಉಳಿದಿಲ್ಲ ಎಂಬುದೊಂದು ತಿಳಿಯಿತು. ಉಂಗುರ ತೆಗೆದುಕೊಂಡು, ತಂಗಿ ನೋಡುತ್ತಿದ್ದ ಹಾಗೆಯೇ, ಬೆರಳಿಗೆ ಹಾಕಿಕೊಂಡಳು. ಗೆಣ್ಣು ದಾಟಿ ಬುಡಕ್ಕೆ ಹೋಗಿ ಕೂತಿತು. ಎಲ್ಲೂ ಬಿಗಿಯಾಗಲಿಲ್ಲ.